ಸರದಿಯೇ ಇಲ್ಲದ ಯಂತ್ರಕ್ಕೆ ಸರದಿ ಹಚ್ಚುವುದು

(ಇಂಜಿನಿಯರಿಂಗ್ ವಿದ್ಯಾರ್ಥಿಗಳ ಮುಂದೆ ಆಡಿದ ಮಾತಿನ ಬರಹ ರೂಪ. ಬೋರ್ಡಿನ ಮೇಲೆ ಬರೆದು ತೋರಿಸಿದ್ದನ್ನು ಇಲ್ಲಿ ಮಾತಿನಲ್ಲೇ ಹೇಳಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮೊದಲು ಒಂದು ಪುಟ್ಟ ಸರ್ಕ್ಯೂಟ್ ನೋಡೋಣ. ಎರಡು ಫ್ಲಿಪ್‌ಫ್ಲಾಪ್ ಇವೆ. ಫ್ಲಿಪ್‌ಫ್ಲಾಪ್ ಅಂದರೆ 0 ಅಥವಾ 1 ಅನ್ನು ನೆನಪಿಟ್ಟುಕೊಳ್ಳುವ ಪುಟ್ಟ ಘಟಕ. ಒಂದರ ಹೆಸರು ಎ, ಇನ್ನೊಂದು ಬಿ. ಎ ಇಂದ ಹೊರಬಂದ ತಂತಿ ಬಿ ಒಳಗೆ ಹೋಗುತ್ತದೆ. ಬಿ ಇಂದ ಹೊರಬಂದದ್ದು ಎ ಒಳಗೆ. ಎರಡಕ್ಕೂ ಒಂದೇ ಕ್ಲಾಕ್, ಅಂದರೆ ತಾಳದಂತೆ ಬಡಿಯುವ ಸಿಗ್ನಲ್. ಈಗ ಎ ಒಳಗೆ 1 ಇದೆ, ಬಿ ಒಳಗೆ 0 ಇದೆ. ಕ್ಲಾಕ್ ಒಮ್ಮೆ ಬಡಿದರೆ ಏನಾಗುತ್ತೆ? ಎ 0 ಆಗುತ್ತೆ, ಬಿ 1 ಆಗುತ್ತೆ. ಅದಲು ಬದಲು. ಡಿಜಿಟಲ್ ಲ್ಯಾಬ್ ಮಾಡಿದವರಿಗೆಲ್ಲ ಗೊತ್ತು.

ಇದನ್ನೇ ಸಿ ಭಾಷೆಯಲ್ಲಿ ಬರೆಯಿರಿ. ಮೊದಲ ಸಾಲು, ಎ = ಬಿ. ಎರಡನೇ ಸಾಲು, ಬಿ = ಎ. ಓಡಿಸಿದರೆ ಎರಡೂ 0. ಸಾಲುಗಳನ್ನು ಹಿಂದುಮುಂದು ಮಾಡಿ ಓಡಿಸಿದರೆ ಎರಡೂ 1. ಸರಿಯಾದ ಉತ್ತರ ಮಾತ್ರ ಎರಡು ಸಲವೂ ಬರಲಿಲ್ಲ. ಮಧ್ಯೆ ಒಂದು ತಾತ್ಕಾಲಿಕ ವೇರಿಯಬಲ್ ಹಾಕಿದರಾಯ್ತಲ್ಲ ಅಂತ ನಿಮ್ಮಲ್ಲಿ ಹಲವರ ಮನಸ್ಸಿಗೆ ಬಂದಿರುತ್ತದೆ. ಹೌದು, ಹಾಕಬಹುದು. ಆದರೆ ಒಂದು ಚಿಪ್ಪಿನಲ್ಲಿ ಇಂಥವು ಲಕ್ಷಗಟ್ಟಲೆ ಇರುತ್ತವೆ. ಎಲ್ಲವೂ ಒಂದೇ ಕ್ಷಣಕ್ಕೆ ಬದಲಾಗುತ್ತವೆ. ಅವನ್ನು ಒಂದಾದ ಮೇಲೊಂದು ಓಡಿಸುವ ಪ್ರೋಗ್ರಾಮಿನೊಳಗೆ ತರಬೇಕು.

ನಾನು ಹೇಳಬೇಕೆಂದಿರುವ ವಿಷಯ ಇಷ್ಟೇ. ಹೀಗೆ ಚಿಪ್ಪನ್ನು ಅನುಕರಿಸುವ ಪ್ರೋಗ್ರಾಮ್, ಅಂದರೆ ಸಿಮ್ಯುಲೇಟರ್, ಯಾವುದೋ ಒಂದು ಸರದಿ ಹಿಡಿಯಲೇಬೇಕು, ಬೇರೆ ದಾರಿಯಿಲ್ಲ. ಹಿಡಿದ ಸರದಿ ಉತ್ತರದಲ್ಲಿ ಕಾಣಿಸಬಾರದು. ಕಾಣಿಸಿದರೆ ಎಲ್ಲೋ ತಪ್ಪಿದೆ ಎಂದೇ ಅರ್ಥ: ಡಿಸೈನ್‌ನಲ್ಲಿರಬಹುದು, ಬರೆದ ಕೋಡ್‌ನಲ್ಲಿರಬಹುದು, ಸಿಮ್ಯುಲೇಟರ್‌ನಲ್ಲೇ ಇರಬಹುದು.

ಇದಕ್ಕೆಲ್ಲ ಇಷ್ಟು ತಲೆ ಕೆಡಿಸಿಕೊಳ್ಳುವುದು ಯಾಕೆ ಅಂದರೆ, ಚಿಪ್ ಒಮ್ಮೆ ಫ್ಯಾಬ್‌ಗೆ (ಚಿಪ್ ತಯಾರಿಸುವ ಕಾರ್ಖಾನೆಗೆ) ಹೋಯಿತು ಅಂದಮೇಲೆ ತಿದ್ದಲು ಬರುವುದಿಲ್ಲ. ಮತ್ತೆ ಮಾಸ್ಕ್ (ಚಿಪ್ಪಿನ ಅಚ್ಚು) ಮಾಡಿಸಬೇಕು, ತಿಂಗಳುಗಟ್ಟಲೆ ಕಾಯಬೇಕು, ದುಡ್ಡು ನೀರಿನಂತೆ ಹೋಗುತ್ತದೆ. ಹಾಗಾಗಿ ಮೊದಲೇ ಸಾಫ್ಟ್‌ವೇರ್‌ನಲ್ಲಿ ಓಡಿಸಿ ನೋಡುವುದು. ಬೆಂಗಳೂರಿನಲ್ಲಿ ಚಿಪ್ ಕೆಲಸ ಮಾಡ್ತೀವಿ ಅನ್ನುವವರಲ್ಲಿ ಬಹಳ ಜನ ನಿಜವಾಗಿ ಮಾಡುವುದು ಇದನ್ನೇ. ವೆರಿಫಿಕೇಶನ್ ಅಂತ ಅದರ ಹೆಸರು.

ಈಗ ಸಿಮ್ಯುಲೇಟರಿನ ಹೊಟ್ಟೆಯೊಳಗೆ ಏನಿದೆ ನೋಡೋಣ. ಸಿಮ್ಯುಲೇಟರಿಗೆ ಸರ್ಕ್ಯೂಟ್ ಹೇಗಿದೆ ಅಂತ ಬರೆದು ಕೊಡಲು ವಿಶೇಷ ಭಾಷೆಗಳಿವೆ. ಅಂಥ ವೆರಿಲಾಗ್ ಭಾಷೆ ಹುಟ್ಟಿದ್ದು 1984ರ ಆಸುಪಾಸಿನಲ್ಲಿ, ಗೇಟ್‌ವೇ ಡಿಸೈನ್ ಆಟೊಮೇಶನ್ ಎಂಬ ಅಮೆರಿಕದ ಸಣ್ಣ ಕಂಪನಿಯಲ್ಲಿ. ಆ ಕಂಪನಿಯನ್ನು ಕಟ್ಟಿದವರು ಕಾನ್ಪುರ ಐಐಟಿಯಲ್ಲಿ ಓದಿದ ಪ್ರಭು ಗೋಯಲ್. ಭಾಷೆಯ ಮುಖ್ಯ ಕೆಲಸ ಫಿಲ್ ಮೂರ್ಬಿ ಅವರದು. ಆಮೇಲೆ ಚಿಪ್ ಡಿಸೈನ್ ಟೂಲ್ ಮಾಡುವ ಕೇಡೆನ್ಸ್ ಆ ಕಂಪನಿಯನ್ನು ಕೊಂಡಿತು. ಹೆಚ್ಚುಕಡಿಮೆ ಅದೇ ಕಾಲದಲ್ಲಿ ಅಮೆರಿಕದ ರಕ್ಷಣಾ ಇಲಾಖೆ ಇದೇ ಕೆಲಸಕ್ಕೆ ವಿಎಚ್‌ಡಿಎಲ್ ಎಂಬ ಇನ್ನೊಂದು ಭಾಷೆ ಮಾಡಿಸಿತು. ಅದು 1987ಕ್ಕೆ ಐಟ್ರಿಪಲ್‌ಇ ಎಂಬ ಇಂಜಿನಿಯರುಗಳ ಸಂಸ್ಥೆಯ ಸ್ಟಾಂಡರ್ಡ್ ಆಯಿತು, ವೆರಿಲಾಗ್ 1995ಕ್ಕೆ.

ಎರಡೂ ಭಾಷೆಗಳ ಸಿಮ್ಯುಲೇಟರ್ ಒಳಗೆ ಇರುವುದು ಒಂದು ಈವೆಂಟ್ ಕ್ಯೂ, ಅಂದರೆ ಆಗಬೇಕಾದ ಬದಲಾವಣೆಗಳ ಸಾಲು. ಯಾವ ತಂತಿ ಬದಲಾಯಿತೋ ಅದನ್ನು ನೋಡುತ್ತ ಕೂತ ಕೋಡ್‌ನ ತುಂಡುಗಳು ಮಾತ್ರ ಎಚ್ಚರವಾಗುತ್ತವೆ. ಅವು ಲೆಕ್ಕ ಮಾಡಿ ಬೇರೆ ತಂತಿಗಳನ್ನು ಬದಲಿಸುತ್ತವೆ. ಅದರಿಂದ ಇನ್ನಷ್ಟು ತುಂಡುಗಳು ಏಳುತ್ತವೆ. ಅಲ್ಲಾಡದ ತಂತಿಯ ತಂಟೆಗೆ ಯಾರೂ ಹೋಗುವುದಿಲ್ಲ. ದೊಡ್ಡ ಡಿಸೈನ್‌ನಲ್ಲಿ ಒಂದು ಸೈಕಲ್‌ಗೆ (ಕ್ಲಾಕಿನ ಒಂದು ಬಡಿತಕ್ಕೆ) ಬಹುಪಾಲು ತಂತಿಗಳು ಅಲ್ಲಾಡುವುದೇ ಇಲ್ಲ. ಹಾಗಾಗಿ ಈ ಉಪಾಯದಿಂದ ಮಾಡಬೇಕಾದ ಕೆಲಸ ಬಹಳ ಕಡಿಮೆಯಾಗುತ್ತದೆ.

ಒಂದೇ ಕ್ಷಣದಲ್ಲಿ ಹತ್ತು ತುಂಡುಗಳು ಎಚ್ಚರವಾದರೆ ಯಾವುದು ಮೊದಲು? ವೆರಿಲಾಗ್ ಸ್ಟಾಂಡರ್ಡ್ ಇದಕ್ಕೆ ಕೊಡುವ ಉತ್ತರ ಬಹಳ ಪ್ರಾಮಾಣಿಕವಾದದ್ದು: ಯಾವುದನ್ನು ಬೇಕಾದರೂ ಮೊದಲು ಓಡಿಸಬಹುದು. ಅಂದರೆ ಎರಡು ಕಂಪನಿಗಳ ಸಿಮ್ಯುಲೇಟರ್‌ಗಳು ಒಂದೇ ಕೋಡ್‌ಗೆ ಬೇರೆ ಬೇರೆ ಉತ್ತರ ಕೊಡಬಹುದು, ಇಬ್ಬರದೂ ಸ್ಟಾಂಡರ್ಡ್ ಪ್ರಕಾರ ಸರಿ! ಮೊದಲ ಸಲ ಇದನ್ನು ಓದಿದವರು ಪುಸ್ತಕದಲ್ಲಿ ಅಚ್ಚಿನ ದೋಷ ಇರಬೇಕು ಅಂದುಕೊಳ್ಳುತ್ತಾರೆ. ನನಗೆ ಮಾತ್ರ ಇದು ಒಳ್ಳೆಯ ತೀರ್ಮಾನ ಅನ್ನಿಸುತ್ತದೆ. ಹಾರ್ಡ್‌ವೇರ್ ಕೊಡದ ಭರವಸೆಯನ್ನು ಭಾಷೆ ಯಾಕೆ ಕೊಡಬೇಕು?

ಹಾಗಾದರೆ ನಮ್ಮ ಎ, ಬಿ ಗತಿಯೇನು? ಅದಕ್ಕೆ ವೆರಿಲಾಗ್‌ನಲ್ಲಿ ಎರಡು ಥರದ ಬರೆಯುವಿಕೆ ಇದೆ. ಸುಮ್ನೆ ಸಮ ಚಿಹ್ನೆ ಹಾಕಿದರೆ ಬೆಲೆ ತಕ್ಷಣ ಬದಲಾಗುತ್ತದೆ. <= ಚಿಹ್ನೆ ಹಾಕಿದರೆ ಬಲಬದಿಯ ಬೆಲೆ ಈಗಲೇ ಓದಿ ಇಟ್ಟುಕೊಳ್ಳುತ್ತದೆ, ಎಡಬದಿಗೆ ಬರೆಯುವುದು ಆಮೇಲೆ. ಆಮೇಲೆ ಅಂದರೆ ಆ ಕ್ಷಣಕ್ಕೆ ಎದ್ದವರೆಲ್ಲ ಓಡಿ ಮುಗಿದ ಮೇಲೆ. ಮೊದಲು ಎಲ್ಲರೂ ಓದುತ್ತಾರೆ, ಆಮೇಲೆ ಎಲ್ಲರೂ ಬರೆಯುತ್ತಾರೆ. ಎ <= ಬಿ, ಬಿ <= ಎ ಅಂತ ಬರೆದರೆ ಯಾರು ಮೊದಲು ಎದ್ದರೂ ಅದಲು ಬದಲು ಸರಿಯಾಗಿಯೇ ಆಗುತ್ತದೆ. ಕ್ಲಾಕ್ ನೋಡುವ ಬ್ಲಾಕ್‌ಗಳಲ್ಲಿ <= ಮಾತ್ರ ಬಳಸಿ ಅಂತ ನಿಮ್ಮ ಮೇಷ್ಟ್ರು ಹೇಳಿಕೊಡುವುದು ಇದೇ ಕಾರಣಕ್ಕೆ. ಕಾರಣ ಹೇಳದೆ ನಿಯಮ ಮಾತ್ರ ಹೇಳುವುದರಿಂದ ಅದು ಪರೀಕ್ಷೆ ಮುಗಿದ ಮೇಲೆ ಮರೆತುಹೋಗುತ್ತದೆ, ಅಷ್ಟೇ.

ವಿಎಚ್‌ಡಿಎಲ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅಲ್ಲಿ ಸಿಗ್ನಲ್‌ಗೆ ಬರೆದದ್ದು ಯಾವತ್ತೂ ತಕ್ಷಣ ಕಾಣುವುದಿಲ್ಲ. ಒಂದು ಡೆಲ್ಟಾ ಕಳೆಯಬೇಕು. ಡೆಲ್ಟಾ ಅಂದರೆ ಸೊನ್ನೆ ಸಮಯದ ಒಂದು ಸುತ್ತು. ಗಡಿಯಾರ ಮುಂದೆ ಹೋಗುವುದಿಲ್ಲ, ಆದರೆ ಒಂದು ಸುತ್ತು ಮುಗಿದು ಇನ್ನೊಂದು ಶುರುವಾಗುತ್ತದೆ. ಇದರಿಂದ ಸರದಿಯ ಸಮಸ್ಯೆ ಹೆಚ್ಚುಕಡಿಮೆ ಹೋಯಿತು.

ಹೋಯಿತು ಅಂದುಕೊಂಡವರಿಗೆ ಒಂದು ಬಲೆ ಇದೆ. ಈ ಕೆಲಸದಲ್ಲಿ ಸ್ವಲ್ಪ ಕಾಲ ಇದ್ದವರೆಲ್ಲ ಒಮ್ಮೆಯಾದರೂ ನೋಡಿರುತ್ತಾರೆ, ಅದಕ್ಕೇ ನಿಧಾನವಾಗಿ ಹೇಳುತ್ತೇನೆ. ಎರಡು ರಿಜಿಸ್ಟರ್ (ಫ್ಲಿಪ್‌ಫ್ಲಾಪ್‌ಗಳ ಗುಂಪು) ಸಾಲಾಗಿ ಇವೆ. ಡೇಟಾ ಮೊದಲ ಕ್ಲಾಕ್‌ಗೆ ಒಂದನೆಯದಕ್ಕೆ, ಮುಂದಿನ ಕ್ಲಾಕ್‌ಗೆ ಎರಡನೆಯದಕ್ಕೆ ಹೋಗಬೇಕು. ಯಾರೋ ಪುಣ್ಯಾತ್ಮರು ಎರಡನೆಯದು ಇರುವ ಮಾಡ್ಯೂಲ್‌ನಲ್ಲಿ ಕ್ಲಾಕ್‌ಗೆ ಹೊಸ ಹೆಸರಿಟ್ಟಿದ್ದಾರೆ: ಕ್ಲಾಕ್2 <= ಕ್ಲಾಕ್. ನೋಡಲು ಅದೇ ತಂತಿ, ಹೆಸರು ಮಾತ್ರ ಬೇರೆ. ಈಗ ಕ್ಲಾಕ್ ಮೇಲೇರಿತು. ಆ ಸುತ್ತಿನಲ್ಲಿ ಇಬ್ಬರು ಏಳುತ್ತಾರೆ: ಒಂದನೇ ರಿಜಿಸ್ಟರ್ ಮತ್ತು ಆ ಹೆಸರು ಬದಲಿಸುವ ಸಾಲು. ಇಬ್ಬರೂ ತಮ್ಮ ತಮ್ಮ ಬೆಲೆ ಬರೆಯಲು ಹೇಳಿ ಮಲಗುತ್ತಾರೆ. ಮುಂದಿನ ಡೆಲ್ಟಾ ಬಂತು. ಒಂದನೇ ರಿಜಿಸ್ಟರಿನ ಹೊಸ ಬೆಲೆಯೂ ಕ್ಲಾಕ್2ರ ಏರಿಕೆಯೂ ಒಟ್ಟಿಗೇ ಕಾಣಿಸಿಕೊಂಡವು. ಎರಡನೇ ರಿಜಿಸ್ಟರ್ ಈಗ ಎದ್ದು ನೋಡುತ್ತದೆ. ಅದಕ್ಕೆ ಸಿಗುವುದು ಹೊಸ ಬೆಲೆ! ಎರಡು ಕ್ಲಾಕ್‌ನಲ್ಲಿ ದಾಟಬೇಕಾದ ಡೇಟಾ ಒಂದೇ ಕ್ಲಾಕ್‌ನಲ್ಲಿ ದಾಟಿಬಿಟ್ಟಿತು.

ವೇವ್‌ಫಾರ್ಮ್ (ಸಿಗ್ನಲ್‌ಗಳ ಏರಿಳಿತದ ಚಿತ್ರ) ತೆಗೆದು ನೋಡಿದರೆ ಕ್ಲಾಕ್ ಮತ್ತು ಕ್ಲಾಕ್2 ಒಂದೇ ಗೆರೆಯಲ್ಲಿ ಏರಿವೆ. ಸೊನ್ನೆ ಸಮಯದ ವ್ಯತ್ಯಾಸ ಚಿತ್ರದಲ್ಲಿ ಕಾಣುವುದಾದರೂ ಹೇಗೆ? ನಮ್ಮ ತಂಡದಲ್ಲಿ ಹೊಸದಾಗಿ ಸೇರಿದ ಹುಡುಗನೊಬ್ಬ ಇಂಥದ್ದರ ಮುಂದೆ ಮಧ್ಯಾಹ್ನದಿಂದ ಕೂತು, ಸಂಜೆಗೆ "ಸಾರ್, ಸಿಮ್ಯುಲೇಟರಿಗೇ ತಲೆ ಕೆಟ್ಟಿದೆ" ಅಂದ. ಡೆಲ್ಟಾಗಳನ್ನು ಬಿಡಿಸಿ ತೋರಿಸುವ ಆಯ್ಕೆ ಟೂಲ್‌ಗಳಲ್ಲಿ ಇರುತ್ತದೆ. ಅದನ್ನು ಹಾಕಿದ ಮೇಲೆ ಒಂದೇ ನೋಟಕ್ಕೆ ಗೊತ್ತಾಯಿತು. ಸಿಲಿಕಾನ್‌ನಲ್ಲಿ, ಅಂದರೆ ನಿಜವಾದ ಚಿಪ್ಪಿನಲ್ಲಿ, ಈ ತಪ್ಪು ಇರುವುದೇ ಇಲ್ಲ, ಯಾಕೆಂದರೆ ಅಲ್ಲಿ ಅದು ನಿಜಕ್ಕೂ ಒಂದೇ ತಂತಿ. ಸರದಿಯ ಸಮಸ್ಯೆ ತಪ್ಪಿಸಲು ಮಾಡಿದ ಉಪಾಯವೇ ಇನ್ನೊಂದು ಸರದಿಯನ್ನು ಒಳಗೆ ತಂದಿತು ನೋಡಿ.

ಇನ್ನು ವೇಗದ ವಿಚಾರ. ದೊಡ್ಡ ಚಿಪ್ಪನ್ನು ಪೂರ್ತಿಯಾಗಿ ಸಾಫ್ಟ್‌ವೇರ್‌ನಲ್ಲಿ ಓಡಿಸಿದರೆ ಸೆಕೆಂಡಿಗೆ ಸಾವಿರ ಸೈಕಲ್ ಸಿಕ್ಕರೆ ಖುಷಿ ಪಡಬೇಕು. ಆ ಚಿಪ್ 2 ಗಿಗಾಹರ್ಟ್ಸ್‌ನದು ಅನ್ನಿ. ಅದರ ಒಂದು ಸೆಕೆಂಡ್ ಅಂದರೆ 200 ಕೋಟಿ ಸೈಕಲ್. ಸಾವಿರದಿಂದ ಭಾಗಿಸಿ: 20 ಲಕ್ಷ ಸೆಕೆಂಡ್. ಸುಮಾರು 23 ದಿನ. ಲಿನಕ್ಸ್ ಬೂಟ್ ಆಗುವುದನ್ನು ನೋಡಬೇಕು ಅಂದರೆ ಗೋಡೆಯ ಮೇಲಿನ ಕ್ಯಾಲೆಂಡರ್ ನೋಡಬೇಕು.

ಐಬಿಎಂನವರಿಗೆ ಈ ತಲೆನೋವು ಬಹಳ ಹಿಂದೆಯೇ ಬಂದಿತ್ತು. ಅವರು ಯಾರ್ಕ್‌ಟೌನ್ ಸಿಮ್ಯುಲೇಶನ್ ಎಂಜಿನ್ ಎಂಬ ಯಂತ್ರ ಮಾಡಿದರು. 1982ರಲ್ಲಿ ಅದರ ಪೇಪರ್ ಬಂತು. ಗೇಟ್‌ಗಳ (ಸರ್ಕ್ಯೂಟಿನ ಅತಿ ಚಿಕ್ಕ ತರ್ಕದ ಘಟಕಗಳ) ಲೆಕ್ಕ ಮಾಡುವುದು ಬಿಟ್ಟು ಬೇರೇನೂ ಗೊತ್ತಿಲ್ಲದ ಪ್ರೊಸೆಸರ್‌ಗಳು, 256ರ ತನಕ ಹಾಕಬಹುದಿತ್ತು. ಅದರ ಮೇಲೆ ಐಬಿಎಂ 3081 ಕಂಪ್ಯೂಟರನ್ನು ಓಡಿಸಿದ್ದರೆ ಸೆಕೆಂಡಿಗೆ ಸುಮಾರು 1000 ಇನ್‌ಸ್ಟ್ರಕ್ಷನ್ ಸಿಗುತ್ತಿತ್ತು ಎಂಬುದು ಅವರದೇ ಅಂದಾಜು. ಆ ಕಾಲಕ್ಕೆ ಅದು ಭಾರಿ ವೇಗ.

ಸಾಫ್ಟ್‌ವೇರ್‌ನವರ ದಾರಿ ಬೇರೆ. ವೆರಿಲೇಟರ್ ಎಂಬ ಉಚಿತ ಟೂಲ್ ಇದೆ. 1994ರಲ್ಲಿ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಶನ್ ಒಳಗೆ ಶುರುವಾದದ್ದು, ಈಗ ವಿಲ್ಸನ್ ಸ್ನೈಡರ್ ನೋಡಿಕೊಳ್ಳುತ್ತಾರೆ. ಅದು ವೆರಿಲಾಗ್ ಓದಿ ಸಿ++ ಕೋಡ್ ಬರೆದುಕೊಡುತ್ತದೆ. ಯಾರು ಯಾವಾಗ ಎದ್ದರು ಅಂತ ಓಡುವಾಗ ನೋಡುತ್ತ ಕೂರುವ ಬದಲು, ಯಾವ ಲೆಕ್ಕ ಯಾವುದರ ಮೇಲೆ ನಿಂತಿದೆ ಅಂತ ಕಂಪೈಲ್ ಮಾಡುವಾಗಲೇ ಸರದಿ ಕಟ್ಟಿಬಿಡುತ್ತದೆ. 0 ಮತ್ತು 1 ಬಿಟ್ಟು 'ಗೊತ್ತಿಲ್ಲ' ಅನ್ನುವ ಎಕ್ಸ್ ಬೆಲೆಯನ್ನು ಬಹುಮಟ್ಟಿಗೆ ಇಟ್ಟುಕೊಳ್ಳುವುದಿಲ್ಲ. ಇದೆಲ್ಲ ಸೇರಿ ವೇಗ ಬರುತ್ತದೆ.

ಆದರೂ ಸಾಲದು. ಇವತ್ತು ನಮ್ಮ ಲ್ಯಾಪ್‌ಟಾಪ್‌ನಲ್ಲೇ ಎಂಟು ಕೋರ್ (ಬೇರೆ ಬೇರೆಯಾಗಿ ಓಡುವ ಪ್ರೊಸೆಸರ್) ಇದೆ. ಹಾರ್ಡ್‌ವೇರ್ ಒಟ್ಟೊಟ್ಟಿಗೆ ಓಡುವಂಥದ್ದು, ಕೋರ್‌ಗಳೂ ಒಟ್ಟೊಟ್ಟಿಗೆ ಓಡುತ್ತವೆ. ಹಂಚಿಕೊಟ್ಟರೆ ಎಂಟು ಪಟ್ಟು ವೇಗ, ಅಲ್ವಾ? ಅಲ್ಲ. ಕೋರ್‌ಗಳು ಆಗಾಗ ಒಬ್ಬರನ್ನೊಬ್ಬರು ಕಾಯಬೇಕು, ಒಂದೊಂದು ಸೈಕಲ್‌ನ ಕೆಲಸವೋ ಬಹಳ ಚಿಕ್ಕದು. ಕೆಲಸಕ್ಕಿಂತ ಕಾಯುವುದೇ ಜಾಸ್ತಿ ಆಗಿಬಿಡುತ್ತದೆ. ವೆರಿಲೇಟರ್ 2018ರಿಂದ ಹಲವು ಥ್ರೆಡ್‌ಗಳಲ್ಲಿ, ಅಂದರೆ ಒಟ್ಟೊಟ್ಟಿಗೆ ಓಡುವ ಎಳೆಗಳಲ್ಲಿ, ಓಡುತ್ತದೆ. ಸಣ್ಣ ಸಣ್ಣ ಲೆಕ್ಕಗಳನ್ನು ದೊಡ್ಡ ಮೂಟೆಗಳಾಗಿ ಕಟ್ಟಿ ಥ್ರೆಡ್‌ಗಳಿಗೆ ಕೊಡುತ್ತದೆ. ಹಾಗೆ ಕಟ್ಟಲು ಅದು ಬಳಸುವುದು ವಿವೇಕ್ ಸರ್ಕಾರ್ ಎಂಬ ವಿಜ್ಞಾನಿ ತಮ್ಮ ಪಿಎಚ್‌ಡಿಯಲ್ಲಿ ತೋರಿಸಿದ ದಾರಿ.

ಕಾಯುವುದನ್ನು ಕಡಿಮೆ ಮಾಡುವುದು ಹೇಗೆ ಎಂಬ ಪ್ರಶ್ನೆಗೆ ಎರಡು ಹಳೆಯ ಉತ್ತರಗಳಿವೆ. ಎರಡೂ ತುಂಬ ಚೆಂದ.

ಮೊದಲನೆಯದು ಮಣಿ ಚಾಂದಿ ಮತ್ತು ಜಯದೇವ ಮಿಶ್ರ ಅವರದು. ಇಬ್ಬರೂ ನಮ್ಮ ದೇಶದಲ್ಲಿ ಹುಟ್ಟಿ ಐಐಟಿಗಳಲ್ಲಿ ಓದಿದವರು. 1979ರಲ್ಲಿ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿದ್ದಾಗ ಪೇಪರ್ ಬರೆದರು. ಎಂಐಟಿಯ ರ‍್ಯಾಂಡಲ್ ಬ್ರಯಂಟ್ 1977ರಲ್ಲೇ ಬೇರೆಯಾಗಿ ಇದೇ ಯೋಚನೆಗೆ ಬಂದಿದ್ದರು. ಹುಬ್ಬಳ್ಳಿಯಲ್ಲಿ ಈಗ ಹೊರಟ ಬಸ್ಸು ಏನು ಮಾಡಿದರೂ ಆರು ಗಂಟೆಯ ಒಳಗೆ ಬೆಂಗಳೂರಿಗೆ ಬರುವುದಿಲ್ಲ ಅಂತಿಟ್ಟುಕೊಳ್ಳಿ. ಈ ಕ್ಷಣದವರೆಗಿನ ಬಸ್ಸುಗಳ ಲೆಕ್ಕ ಕೈಯಲ್ಲಿದ್ದರೆ, ಮುಂದಿನ ಆರು ಗಂಟೆ ಬೆಂಗಳೂರಿನವರು ಹುಬ್ಬಳ್ಳಿಯನ್ನು ಕೇಳದೆ ತಮ್ಮ ಕೆಲಸ ನೋಡಿಕೊಳ್ಳಬಹುದು. ಸರ್ಕ್ಯೂಟ್‌ನ ಎರಡು ಭಾಗಗಳ ನಡುವಿನ ತಂತಿಗೂ ಒಂದು ತಡ ಇರುತ್ತದೆ. ಆ ತಡದಷ್ಟು ಕಾಲ ಪ್ರತಿ ಭಾಗವೂ ಯಾರನ್ನೂ ಕೇಳದೆ ಓಡಬಹುದು. ತೊಂದರೆ ಏನೆಂದರೆ, ಸುದ್ದಿ ಬಾರದಿದ್ದರೆ ಎಲ್ಲರೂ ಎಲ್ಲರನ್ನೂ ಕಾಯುತ್ತ ಕೂತುಬಿಡಬಹುದು. ಅದಕ್ಕೆ ಖಾಲಿ ಸಂದೇಶ ಕಳಿಸುತ್ತಾರೆ: "ಇಂಥ ಸಮಯದ ತನಕ ನನ್ನಿಂದ ಏನೂ ಬರುವುದಿಲ್ಲ, ನೀನು ಮುಂದುವರಿ".

ಎರಡನೆಯದು ಡೇವಿಡ್ ಜೆಫರ್ಸನ್ 1985ರಲ್ಲಿ ಹೇಳಿದ ಟೈಮ್ ವಾರ್ಪ್. ಇಲ್ಲಿ ಯಾರೂ ಕಾಯುವುದೇ ಇಲ್ಲ. ಎಲ್ಲರೂ ಓಡುತ್ತಲೇ ಇರುತ್ತಾರೆ. ಹಳೆಯ ಸಮಯದ ಸಂದೇಶವೊಂದು ತಡವಾಗಿ ಬಂದರೆ ಅಲ್ಲಿಗೆ ಹಿಂದೆ ಹೋಗಿ, ಮಾಡಿದ್ದನ್ನೆಲ್ಲ ಅಳಿಸಿ, ಮತ್ತೆ ಮಾಡಬೇಕು. ಆ ಮಧ್ಯೆ ಬೇರೆಯವರಿಗೆ ಕಳಿಸಿದ್ದ ತಪ್ಪು ಸಂದೇಶಗಳ ಹಿಂದೆ ಅವನ್ನು ಅಳಿಸುವ ವಿರೋಧಿ ಸಂದೇಶಗಳನ್ನು ಅಟ್ಟಬೇಕು. ಓದಿದಾಗ ರೋಮಾಂಚನ ಆಗುತ್ತದೆ. ಆದರೆ ಗೇಟ್ ಮಟ್ಟದ ಕೆಲಸಕ್ಕೆ ಇದು ಹೊಂದುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಒಂದು ಗೇಟ್‌ನ ಲೆಕ್ಕಕ್ಕಿಂತ ಅದರ ಹಳೆಯ ಬೆಲೆಯನ್ನು ಜೋಪಾನ ಮಾಡುವುದೇ ದುಬಾರಿ.

ಚಾಂದಿ, ಮಿಶ್ರ ಅವರ ದಾರಿ ಎಷ್ಟು ದೂರ ಹೋಯಿತು ಅನ್ನುವುದಕ್ಕೆ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ವಿಸ್ಕಾನ್ಸಿನ್ ವಿಂಡ್ ಟನಲ್ ಎಂಬ ಸಿಮ್ಯುಲೇಟರ್ ನೋಡಬೇಕು. 1993ರ ಕೆಲಸ. ನೂರಾರು ಪ್ರೊಸೆಸರ್‌ಗಳು ಮೆಮೊರಿ ಹಂಚಿಕೊಳ್ಳುವ ಕಂಪ್ಯೂಟರ್‌ಗಳನ್ನು ಹೇಗೆ ಕಟ್ಟಬೇಕು ಅಂತ ಎಲ್ಲರೂ ಯೋಚಿಸುತ್ತಿದ್ದ ಕಾಲ. ವಿಸ್ಕಾನ್ಸಿನ್‌ನವರ ಕೈಯಲ್ಲಿ ಸಿಎಂ-5 ಎಂಬ ಪ್ಯಾರಲೆಲ್ ಕಂಪ್ಯೂಟರ್ ಇತ್ತು. ಅದರಲ್ಲಿ ಮೆಮೊರಿ ಹಂಚಿಕೆ ಇಲ್ಲ, ಸಂದೇಶ ಕಳಿಸುವುದು ಮಾತ್ರ. ಈ ಸಿಎಂ-5ರ ಮೇಲೆ ಮೆಮೊರಿ ಹಂಚಿಕೊಳ್ಳುವ ಕಂಪ್ಯೂಟರನ್ನು ಅನುಕರಿಸಿ ಓಡಿಸಬೇಕು. ಪ್ರೋಗ್ರಾಮಿನ ಇನ್‌ಸ್ಟ್ರಕ್ಷನ್‌ಗಳನ್ನು ಒಂದೊಂದಾಗಿ ಅನುಕರಿಸುವ ಗೋಜಿಗೇ ಅವರು ಹೋಗಲಿಲ್ಲ. ಅವು ನೇರವಾಗಿ ಸಿಎಂ-5 ಪ್ರೊಸೆಸರ್ ಮೇಲೆಯೇ ಓಡಿದವು. ಕ್ಯಾಶ್‌ನಲ್ಲಿ (ಪ್ರೊಸೆಸರ್ ಪಕ್ಕದ ಪುಟ್ಟ, ವೇಗದ ಮೆಮೊರಿಯಲ್ಲಿ) ಇಲ್ಲದ ಡೇಟಾ ಮುಟ್ಟಿದಾಗ ಮಾತ್ರ ಸಿಮ್ಯುಲೇಟರ್ ಮಧ್ಯೆ ಬರಬೇಕು.

ಆದರೆ ಮುಟ್ಟಿದ್ದು ಗೊತ್ತಾಗುವುದು ಹೇಗೆ? ಮೆಮೊರಿಯಲ್ಲಿ ಬಿಟ್ ಕೆಟ್ಟರೆ ಹಿಡಿಯಲು ಇಸಿಸಿ ಎಂಬ ಹೆಚ್ಚುವರಿ ಬಿಟ್‌ಗಳಿರುತ್ತವೆ. ಅನುಕರಿಸುತ್ತಿರುವ ಯಂತ್ರದ ಕ್ಯಾಶ್‌ನಲ್ಲಿ ಇಲ್ಲದ ಜಾಗಗಳ ಇಸಿಸಿಯನ್ನು ಇವರು ಬೇಕಂತಲೇ ಕೆಡಿಸಿಟ್ಟರು. ಪ್ರೋಗ್ರಾಮ್ ಅಲ್ಲಿ ಕೈ ಹಾಕಿದ ತಕ್ಷಣ ಹಾರ್ಡ್‌ವೇರ್ "ಮೆಮೊರಿ ಕೆಟ್ಟಿದೆ" ಅಂತ ಕೂಗುತ್ತದೆ, ಸಿಮ್ಯುಲೇಟರ್ ಎದ್ದು ಬಂದು ತನ್ನ ಲೆಕ್ಕ ಮಾಡುತ್ತದೆ. ಇಂಥ ಕಿಲಾಡಿ ಉಪಾಯ ನಾನು ಇನ್ನೊಂದು ನೋಡಿಲ್ಲ.

ಸರದಿಯ ಲೆಕ್ಕಕ್ಕೆ ಅವರು 100 ಸೈಕಲ್‌ಗಳ ತುಂಡು ಮಾಡಿಕೊಂಡರು. ಆ ಯಂತ್ರದ ನೆಟ್‌ವರ್ಕ್‌ನಲ್ಲಿ ಸಂದೇಶ ತಲುಪಲು ಕನಿಷ್ಠ 100 ಸೈಕಲ್ ಬೇಕು ಅಂತ ಇಟ್ಟುಕೊಂಡಿದ್ದರು. ಹಾಗಾಗಿ ಒಂದು ತುಂಡಿನಲ್ಲಿ ಕಳಿಸಿದ್ದು ಅದೇ ತುಂಡಿನಲ್ಲಿ ಯಾರನ್ನೂ ತಟ್ಟುವುದಿಲ್ಲ. ಎಲ್ಲರೂ 100 ಸೈಕಲ್ ಓಡುತ್ತಾರೆ, ನಿಂತು ಸಂದೇಶ ಹಂಚಿಕೊಳ್ಳುತ್ತಾರೆ, ಮತ್ತೆ ಓಡುತ್ತಾರೆ. 2018ರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದವರು ಫೈರ್‌ಸಿಮ್ ಎಂಬ ಸಿಮ್ಯುಲೇಟರ್ ಮಾಡಿ, ಬಾಡಿಗೆಗೆ ಸಿಗುವ ಕ್ಲೌಡ್ ಎಫ್‌ಪಿಜಿಎಗಳ (ಬೇಕಾದ ಸರ್ಕ್ಯೂಟ್ ಆಗಿ ಬದಲಿಸಿಕೊಳ್ಳಬಹುದಾದ ಚಿಪ್‌ಗಳ) ಮೇಲೆ 1024 ಕಂಪ್ಯೂಟರ್‌ಗಳ ಡೇಟಾ ಸೆಂಟರನ್ನೇ 3.4 ಮೆಗಾಹರ್ಟ್ಸ್ ವೇಗದಲ್ಲಿ ಓಡಿಸಿದಾಗಲೂ ಒಳಗಿದ್ದದ್ದು ಇದೇ ಯೋಚನೆ. ನೆಟ್‌ವರ್ಕ್ ಕೇಬಲ್‌ನ ತಡ 2 ಮೈಕ್ರೊಸೆಕೆಂಡ್ ಅಂದರೆ 3.2 ಗಿಗಾಹರ್ಟ್ಸ್‌ಗೆ 6400 ಸೈಕಲ್. ಅಷ್ಟನ್ನು ಒಟ್ಟಿಗೆ ಕಟ್ಟಿ ಕಳಿಸುವುದು.

ಇಲ್ಲಿಯತನಕ ಸರದಿಯನ್ನು ಅಡಗಿಸುವುದು ಹೇಗೆ ಅಂತ ನೋಡಿದೆವು. ಆದರೆ ಸರದಿ ತುಂಬ ಅಚ್ಚುಕಟ್ಟಾಗಿದ್ದರೂ ಅಪಾಯವೇ.

ಆಪರೇಟಿಂಗ್ ಸಿಸ್ಟಮ್ ಪಾಠದಲ್ಲಿ ಪೀಟರ್ಸನ್ ಅಲ್ಗಾರಿದಮ್ ಓದಿರುತ್ತೀರಿ. ಇಬ್ಬರು ಒಟ್ಟಿಗೆ ಒಂದೇ ಜಾಗಕ್ಕೆ ನುಗ್ಗದಂತೆ ಹಾಕುವ ಬೀಗ ಅದು. ಅದರ ಜೀವ ಇರುವುದು ಇಷ್ಟರಲ್ಲಿ: ಒಂದನೇ ಕೋರ್ ತನ್ನ ಬಾವುಟ ಏರಿಸಿ, ಎರಡನೆಯದರ ಬಾವುಟ ನೋಡುತ್ತದೆ. ಎರಡನೇ ಕೋರ್ ತನ್ನದು ಏರಿಸಿ, ಒಂದನೆಯದರದು ನೋಡುತ್ತದೆ. ಹೇಗೆ ಸರದಿ ಹಚ್ಚಿದರೂ ಇಬ್ಬರಲ್ಲಿ ಒಬ್ಬರಿಗಾದರೂ ಇನ್ನೊಬ್ಬರ ಬಾವುಟ ಕಾಣಬೇಕು. ಕಾಗದದ ಮೇಲೆ ಬೇಕಾದರೆ ಬರೆದು ನೋಡಿ. ಆದರೆ ನಿಜವಾದ ಎಕ್ಸ್86 (ಇಂಟೆಲ್, ಎಎಂಡಿ ಮಾದರಿಯ) ಚಿಪ್ಪಿನಲ್ಲಿ ಇಬ್ಬರಿಗೂ ಕಾಣದೇ ಹೋಗಬಹುದು! ಬರೆದದ್ದು ಸ್ವಲ್ಪ ಹೊತ್ತು ಆ ಕೋರ್‌ನ ಸ್ಟೋರ್ ಬಫರ್‌ನಲ್ಲೇ ಕೂತಿರುತ್ತದೆ, ಓದುವುದು ಅದನ್ನು ದಾಟಿ ಮೊದಲೇ ಆಗಿಬಿಡುತ್ತದೆ. ಮಧ್ಯೆ, ಬರೆದದ್ದು ಮುಗಿಯುವ ತನಕ ಕಾಯಿಸುವ ಒಂದು ಫೆನ್ಸ್ ಇನ್‌ಸ್ಟ್ರಕ್ಷನ್ ಹಾಕದಿದ್ದರೆ ಬೀಗ ಮುರಿಯುತ್ತದೆ.

ಈಗ ಇದನ್ನೇ, ಬೇರೊಂದು ಕಂಪ್ಯೂಟರನ್ನು ಅನುಕರಿಸುವ ಕ್ಯೂಎಮು ಎಮ್ಯುಲೇಟರಿನ ಹಳೆಯ ವಿಧಾನದಲ್ಲಿ ಓಡಿಸಿ. 2017ಕ್ಕೆ ಮೊದಲು ಅದು ಎಲ್ಲ ಕೋರ್‌ಗಳನ್ನೂ ಒಂದೇ ಥ್ರೆಡ್‌ನಲ್ಲಿ ಪಾಳಿ ಹಚ್ಚಿ ಓಡಿಸುತ್ತಿತ್ತು. ಇದು ಸ್ವಲ್ಪ ಹೊತ್ತು, ಅದು ಸ್ವಲ್ಪ ಹೊತ್ತು. ಅಲ್ಲಿ ಸ್ಟೋರ್ ಬಫರ್ ಎಂಬುದೇ ಇಲ್ಲ. ಫೆನ್ಸ್ ಇಲ್ಲದ ಪೀಟರ್ಸನ್ ಕೋಡ್ ಅಲ್ಲಿ ವರ್ಷಗಟ್ಟಲೆ ಓಡಿದರೂ ಮುರಿಯುವುದಿಲ್ಲ. ನಿಜವಾದ ಚಿಪ್ಪಿನ ಮೇಲೆ ಹಾಕಿದ ದಿನ ಮುರಿಯುತ್ತದೆ. ಕೋರ್‌ಗೊಂದು ಥ್ರೆಡ್ ಕೊಡುವುದು ಆಮೇಲೆ ಬಂತು. ಅದನ್ನೂ ಹುಷಾರಾಗಿಯೇ ಮಾಡಿದ್ದಾರೆ: ಓಡಿಸುವ ಯಂತ್ರದ ಮೆಮೊರಿ ನಿಯಮ ಅನುಕರಿಸುವ ಯಂತ್ರದ್ದಕ್ಕಿಂತ ಸಡಿಲವಾಗಿದ್ದರೆ ತಾನಾಗಿ ಆ ವಿಧಾನಕ್ಕೆ ಹೋಗುವುದಿಲ್ಲ.

ಹಾಗಾದರೆ ಏನು ಮಾಡಬೇಕು? ಬೇಕಂತಲೇ ಕದಡಬೇಕು. 2003ರಲ್ಲಿ ವಿಸ್ಕಾನ್ಸಿನ್‌ನ ಅಲಾ ಅಲಮೆಲ್ದೀನ್ ಮತ್ತು ಡೇವಿಡ್ ವುಡ್ ಇದನ್ನು ತೋರಿಸಿದರು. ಹಲವು ಥ್ರೆಡ್‌ಗಳ ಪ್ರೋಗ್ರಾಮಿನಲ್ಲಿ ಬೇಕಾದ ಡೇಟಾ ಕ್ಯಾಶ್‌ನಲ್ಲಿ ಸಿಗದಾಗಲೆಲ್ಲ ಕೆಲವೇ ನ್ಯಾನೊಸೆಕೆಂಡ್ ಯದ್ವಾತದ್ವಾ ಸೇರಿಸಿದರೆ ಸಾಕು, ಬೀಗ ಯಾರಿಗೆ ಮೊದಲು ಸಿಕ್ಕಿತು ಎಂಬುದು ಬದಲಾಗಿ ಇಡೀ ಓಟದ ಕಾಲವೇ ಬೇರೆಯಾಗುತ್ತದೆ. ಒಂದೇ ಸಲ ಓಡಿಸಿ "ಈ ಡಿಸೈನ್ ಅದಕ್ಕಿಂತ ಒಳ್ಳೆಯದು" ಅಂದರೆ ತೀರ್ಮಾನ ತಲೆಕೆಳಗಾಗಬಹುದು. ಹಲವು ಸಲ ಕದಡಿ ಓಡಿಸಿ ಸರಾಸರಿ, ಅಂತರ ಎಲ್ಲ ಹೇಳಿ ಅಂದರು. ಇದನ್ನು ಪಾಲಿಸದ ಪೇಪರ್‌ಗಳು ಈಗಲೂ ಬರುತ್ತಿವೆ. ಎರಡು ಪರ್ಸೆಂಟ್ ಸುಧಾರಣೆ ಅಂತ ಒಂದೇ ಗ್ರಾಫ್ ತೋರಿಸಿದವರನ್ನು ಎಷ್ಟು ಸಲ ಓಡಿಸಿದಿರಿ ಅಂತ ಕೇಳಿ.

ಎರಡು ಬೇರೆ ಕ್ಲಾಕ್‌ಗಳ ನಡುವೆ ಸಿಗ್ನಲ್ ದಾಟುವ ಕಡೆಯೂ ಇದೇ ಮದ್ದು. ನಿಜದಲ್ಲಿ ಅಲ್ಲಿ ಫ್ಲಿಪ್‌ಫ್ಲಾಪ್ 0ಗೂ 1ಕ್ಕೂ ಮಧ್ಯೆ ತೂಗಾಡಿ ಒಂದು ಸೈಕಲ್ ಆಚೀಚೆ ಆಗಬಹುದು. ಸಾಮಾನ್ಯ ಸಿಮ್ಯುಲೇಶನ್‌ನಲ್ಲಿ ಅದು ಯಾವತ್ತೂ ಆಗುವುದಿಲ್ಲ. ಹಾಗಾಗಿ ದಾಟುವ ಜಾಗದಲ್ಲಿ ಮನಸ್ಸಿಗೆ ಬಂದಂತೆ ಒಂದು ಸೈಕಲ್ ತಡ ಮಾಡುವ ಮಾಡೆಲ್ ಹಾಕಿ ಓಡಿಸುತ್ತೇವೆ.

ಮಾತು ಮುಗಿದ ಮೇಲೆ ಬಂದ ಪ್ರಶ್ನೆಗಳಲ್ಲಿ ಒಂದನ್ನು ಇಲ್ಲಿ ಸೇರಿಸುತ್ತೇನೆ. ಹಿಂದಿನ ಸಾಲಿನ ವಿದ್ಯಾರ್ಥಿನಿಯೊಬ್ಬರು, "ಸಾರ್, ಕಾಲೇಜಿನಲ್ಲಿ ದುಬಾರಿ ಟೂಲ್‌ಗಳ ಲೈಸೆನ್ಸ್ ಇಲ್ಲ. ಇದನ್ನೆಲ್ಲ ನಾವು ಮಾಡಿ ನೋಡೋದು ಹೇಗೆ?" ಅಂದರು. ಲೈಸೆನ್ಸ್ ಬೇಕಾಗಿಲ್ಲಮ್ಮ. ಇಕಾರಸ್ ವೆರಿಲಾಗ್ ಮತ್ತು ವೆರಿಲೇಟರ್ ಎರಡೂ ಉಚಿತ, ಹಳೆಯ ಲ್ಯಾಪ್‌ಟಾಪ್‌ನಲ್ಲೂ ಓಡುತ್ತವೆ. ಮೊದಲನೆಯದು ಈವೆಂಟ್ ಕ್ಯೂ ಇಟ್ಟುಕೊಂಡು ಓಡಿಸುತ್ತದೆ, ಎರಡನೆಯದು ಸರದಿಯನ್ನು ಮೊದಲೇ ಕಟ್ಟುತ್ತದೆ. ನಿಮ್ಮ ಮಿನಿ ಪ್ರಾಜೆಕ್ಟ್‌ನ ಕೋಡನ್ನು ಎರಡರಲ್ಲೂ ಓಡಿಸಿ. ಪ್ರತಿ ಕ್ಲಾಕ್‌ಗೂ ರಿಜಿಸ್ಟರ್‌ಗಳ ಬೆಲೆಯನ್ನು ಫೈಲ್‌ಗೆ ಬರೆಸಿ, ಎರಡು ಫೈಲನ್ನೂ ಡಿಫ್ ಮಾಡಿ, ಅಂದರೆ ಸಾಲು ಸಾಲಾಗಿ ಹೋಲಿಸಿ. ವೆರಿಲೇಟರ್‌ನಲ್ಲಿ ರಿಜಿಸ್ಟರ್‌ಗಳ ಮೊದಲ ಬೆಲೆಯನ್ನು ಯದ್ವಾತದ್ವಾ ತುಂಬುವ ಆಯ್ಕೆಯೂ ಇದೆ, ಸೀಡ್ (ಯದ್ವಾತದ್ವಾ ಬೆಲೆಗಳನ್ನು ಹುಟ್ಟಿಸುವ ಆರಂಭದ ಸಂಖ್ಯೆ) ಬದಲಿಸುತ್ತ ಅದನ್ನೂ ಓಡಿಸಿ. ಎಲ್ಲವನ್ನೂ ಆರಂಭದ ಸ್ಥಿತಿಗೆ ತರುವ ರಿಸೆಟ್ ಸಿಗ್ನಲ್ ಬಿಟ್ಟ ಮೇಲಿನ ಸಾಲುಗಳು ಎಲ್ಲದರಲ್ಲೂ ಒಂದೇ ಬಂದರೆ ಪ್ರಾಜೆಕ್ಟ್ ಒಪ್ಪಿಸಿ. ಬೇರೆ ಬಂದರೆ, ಬೇರೆಯಾದ ಮೊದಲ ಸಾಲಿನಿಂದ ಹುಡುಕಲು ಶುರು ಮಾಡಿ. ಕೊನೆಯ ಸಾಲಿನಿಂದ ಹಿಂದೆ ಬರಬೇಡಿ, ರಾತ್ರಿಯೆಲ್ಲ ಹೋಗುತ್ತದೆ.